ಗುತ್ತೆಪ್ಪನ ತೂಕ

ಹುಲಗೂರಿನ ದರ್ಗಾದ ಹಾದಿಯಲ್ಲಿ ಆ ದಿನ ಒಂದು ಚಕ್ಕಡಿ ಹಿಂದಕ್ಕೆ ವಾಲಿ ನಿಂತಿತ್ತು. ಯಾರೋ ತಿಳಿಯದವರು ಚೀಲಗಳನ್ನೆಲ್ಲ ಹಿಂಬದಿಗೇ ಹೇರಿದ್ದರು. ಮುಂದಿನ ಮೂಕಿ ಆಕಾಶಕ್ಕೆ ಎದ್ದು, ಕೊರಳ ಹಗ್ಗ ಬಿಗಿದು, ಎತ್ತುಗಳೆರಡೂ ನಾಲಿಗೆ ಹೊರಹಾಕಿದ್ದವು. ಸುತ್ತ ನಿಂತವರು ಚೀಲ ಇಳಿಸಿರೆಂದು ಕೂಗುತ್ತಿದ್ದರು, ಮುಂದೆ ಮಾತ್ರ ಯಾರೂ ಬರಲಿಲ್ಲ. ಗುತ್ತೆಪ್ಪ ಓಡಿಹೋಗಿ ನೊಗ ಹಿಡಿದು ಜೋತುಬಿದ್ದ. ಅಷ್ಟಕ್ಕೇ ಮೂಕಿ ಕರ್ರೆನ್ನುತ್ತ ಕೆಳಗಿಳಿಯಿತು. ಎತ್ತುಗಳು ಉಸಿರೆಳೆದುಕೊಂಡವು.

ಯಂಕವ್ವ ಎರಡು ಹೆಜ್ಜೆ ಹಿಂದೆ ತಲೆಯ ಮೇಲೆ ಗಂಟು ಹೊತ್ತು ನಿಂತಿದ್ದಳು. ಅವಳಿಗೆ ಮದುವೆಯಾಗಿ ಮೂರು ತಿಂಗಳು. ಎಪ್ಪತ್ತೊಂದನೆಯ ಇಸವಿ. ಗಂಡನ ಮೈ ದೊಡ್ಡದು ಎಂದು ಕೇರಿಯ ಹೆಂಗಸರು ನಗಾಡುವುದನ್ನು ಕೇಳಿ ನಾಚಿಕೊಂಡಿದ್ದಳೇ ಹೊರತು, ಆ ಮೈಯಿಂದ ಎರಡು ಜೀವ ಉಳಿದದ್ದನ್ನು ನೋಡಿದ್ದು ಅವತ್ತೇ.

ಅದನ್ನು ಇನ್ನೊಬ್ಬರೂ ನೋಡಿದರು. ಸವಣೂರಿನ ಹಸನಸಾಬರು ದರ್ಗಾಕ್ಕೆ ಹರಕೆ ಒಪ್ಪಿಸಿ ಮರಳುತ್ತಿದ್ದರು. ಗುತ್ತೆಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದರು.

"ಸವಣೂರಾಗ ನಮ್ಮದು ಎಲಿತ್ವಾಟ ಐತಿ. ನೀರೆತ್ತೂ ಯಾತ ತುಳಿಯಾಂವ ಮುದುಕಾಗ್ಯಾನ. ಬರ್ತಿ ಏನ?"

"ನಾ ಎಂದೂ ಯಾತ ತುಳದಿಲ್ರಿ, ಸಾವ್ಕಾರ್ರ."

"ಕಲಿಯೂದು ಏನಿಲ್ಲೊ. ಮುಂದ ನಡದ್ರ ಬಾನಿ ಇಳಿತೈತಿ, ಹಿಂದ ನಡದ್ರ ಏರತೈತಿ. ಮೈಯಾಗ ಭಾರ ಇರಬೇಕು, ಅಷ್ಟ."

ಯಂಕವ್ವ ಗಂಡನ ಬೆನ್ನ ಹಿಂದಿನಿಂದ ಪಿಸುಗುಟ್ಟಿದಳು. ಅವಳ ಮಾತನ್ನು ಅವನು ದಾಟಿಸಿದ: "ಬಾವಿ ನಾವು ಮುಟ್ಟಬಹುದೇನ್ರಿ ಅಂತ ಕೇಳಾಕತ್ತಾಳ್ರಿ." ಅವರ ಊರಿನಲ್ಲಿ ಕೇರಿಯವರಿಗೆ ಬಾವಿಯ ಕಟ್ಟೆ ಹತ್ತಲು ಬಿಡುತ್ತಿರಲಿಲ್ಲ; ಮೇಲಿನವರು ಯಾರಾದರೂ ಬಂದು ಕೊಡಕ್ಕೆ ಹೊಯ್ಯುವತನಕ ಕಾಯಬೇಕಿತ್ತು. ಹಸನಸಾಬರು ನಕ್ಕುಬಿಟ್ಟರು. "ಬಾವಿ ಮುಟ್ಟಲಾರದ ನೀರ ಹೆಂಗ ಎತ್ತತಿ, ತಂಗಿ?"

ಆ ಒಂದು ಮಾತಿಗೇ ಅವಳು ಸವಣೂರಿಗೆ ಬರಲು ಒಪ್ಪಿದ್ದು.

ಸುತ್ತಲಿನ ತೋಟಗಳಲ್ಲಿ ಎತ್ತು ಕಟ್ಟಿ ನೀರು ಸೇದುತ್ತಿದ್ದರು. ಹಸನಸಾಬರ ಬಾವಿ ತೋಟದ ಮೂಲೆಯಲ್ಲಿ, ಗೋಡೆಗೆ ಹತ್ತಿಕೊಂಡೇ ಇತ್ತು. ಎತ್ತು ಹಿಂದೆ ಮುಂದೆ ನಡೆಯಲು ಜಾಗವಿರಲಿಲ್ಲ. ನೀರು ಮೇಲೆಯೇ ಇದ್ದುದರಿಂದ ಅಲ್ಲಿ ಏತ ಹಾಕಿದ್ದರು. ದಂಡೆಯ ಮೇಲೆ ಎರಡಾಳೆತ್ತರದ ಕವಲುಗಂಬ. ಅದರ ಮೇಲೆ ಅಡ್ಡಲಾಗಿ ಕೂತ ಉದ್ದನೆಯ ಮರ. ಮರದ ಒಂದು ತುದಿಯಿಂದ ಬಾವಿಗೆ ಬಿದಿರಿನ ಗಳ, ಗಳದ ಕೆಳಗೆ ತಗಡಿನ ಬಾನಿ. ಮರದ ಮೇಲೆ ನಿಂತವನು ಬಾವಿಯ ಕಡೆ ನಡೆದರೆ ಬಾನಿ ನೀರಿಗಿಳಿಯುತ್ತದೆ. ತಿರುಗಿ ಹಿಂದಿನ ತುದಿಗೆ, ಬಾಲದ ಕಡೆ ನಡೆದರೆ ತುಂಬಿದ ಬಾನಿ ಮೇಲೇರುತ್ತದೆ. ದಂಡೆಯಲ್ಲಿ ನಿಂತವರು ಗಳ ಹಿಡಿದು, ಬಾನಿಯನ್ನು ಕಾಲುವೆಯ ಬಾಯಿಗೆ ವಾಲಿಸಿ ನೀರು ಚೆಲ್ಲಬೇಕು. ಮೇಲೆ ಗುತ್ತೆಪ್ಪ, ಕೆಳಗೆ ಯಂಕವ್ವ.

ಬೆಳಗಿನಿಂದ ಬಿಸಿಲೇರುವತನಕ, ಮತ್ತೆ ಇಳಿಹೊತ್ತಿನಲ್ಲಿ. ವೀಳ್ಯದೆಲೆಯ ಬಳ್ಳಿಗೆ ದಿನಾ ನೀರು ಬೇಕು, ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ಮೊದಲ ವಾರ ಯಂಕವ್ವನ ಅಂಗೈ ಬೊಕ್ಕೆ ಎದ್ದು ಒಡೆದವು, ಆಮೇಲೆ ಗಟ್ಟಿಯಾದವು. ಮೇಲೆ ನೋಡದೆಯೇ ಅವನು ಮರದ ಮೇಲೆ ಎಲ್ಲಿದ್ದಾನೆಂದು ಅವಳ ಕೈಗೆ ತಿಳಿಯತೊಡಗಿತು. ಅವನು ಹಿಂದಕ್ಕೆ ಹೆಜ್ಜೆ ಇಟ್ಟಾಗ ಗಳ ಅಂಗೈಯಲ್ಲಿ ಹಗುರಾಗಿ ಮೇಲಕ್ಕೆ ಚಿಮ್ಮುವುದು. ಗೇಣು ಅತ್ತಿತ್ತ ಹೋದರೂ ಗೊತ್ತಾಗುವುದು. ಹಾಸಿಗೆಯಲ್ಲಿ ಅವನ ಮೈಯನ್ನು ಅರಿತದ್ದಕ್ಕಿಂತ ಹೆಚ್ಚಾಗಿ ಅವಳು ಈ ಬಿದಿರಿನ ಮೂಲಕ ಅರಿತಳು.

ಅವರ ಸಂಸಾರದ ಮಾತೆಲ್ಲ ಅಲ್ಲೇ ನಡೆಯುತ್ತಿತ್ತು. ಬಾವಿಯ ಕಡೆ ಬಂದಾಗ ಅವನು ಒಂದು ಮಾತು ಹೇಳುವನು. ಬಾನಿ ಚೆಲ್ಲಿ ಅವಳು ಉತ್ತರ ಕೊಡುವಷ್ಟರಲ್ಲಿ ಬಾಲದ ತುದಿಗೆ ಹೋಗಿರುವನು. ಅವನ ಮುಂದಿನ ಮಾತಿಗೆ ಇನ್ನೊಂದು ಬಾನಿ ಕಾಯಬೇಕು. ಮರದ ಮೇಲಿನಿಂದ ಅವನಿಗೆ ಗೋಡೆಯಾಚೆಯ ರಸ್ತೆ ಕಾಣುತ್ತಿತ್ತು.

"ಯಂಕಿ, ಬಂಕಾಪುರದ ಬಸ್ಸು ಬಂತು."

"ಮಂದಿ ಭಾಳ ಅದಾರೇನ್ರಿ?"

"ಟಾಪಿನ ಮ್ಯಾಲ ಒಂದ ಆಡು ಕುಂತೈತಿ."

ಒಂದು ಆಡಿನ ಸುದ್ದಿ ಆರು ಬಾನಿಯವರೆಗೂ ನಡೆಯುತ್ತಿತ್ತು. ಎರಡು ಕೂಸು ಹುಟ್ಟಿದವು. ಒಂದು ಹನ್ನೊಂದು ದಿನ ಇತ್ತು, ಇನ್ನೊಂದು ಒಂದು ಮಳೆಗಾಲ. ಎರಡನೆಯದನ್ನು ಮಣ್ಣು ಮಾಡಿ ಬಂದ ಮೂರನೆಯ ದಿನ ಅವರು ಏತಕ್ಕೆ ನಿಂತಾಗ ಇಡೀ ಬೆಳಗು ಯಾರೂ ಮಾತಾಡಲಿಲ್ಲ. ಇಳಿಹೊತ್ತಿನಲ್ಲಿ ಅವನು ಮೇಲಿನಿಂದ, "ಬಸ್ಸು ಬಂತು" ಎಂದ. ಅವಳು, "ಹೂಂ" ಎಂದಳು. ಆಮೇಲೆ ದಿನಗಳು ಹಾಗೇ ಹೋದವು.

ಎಪ್ಪತ್ತೆಂಟರ ಚಳಿಗಾಲದಲ್ಲಿ ಬಾನಿ ಮೇಲೇರುವುದು ತಡವಾಗತೊಡಗಿತು. ಹಿಂದಕ್ಕಿಟ್ಟ ಹೆಜ್ಜೆಗೆ ಚಿಮ್ಮಬೇಕಾದ ಗಳ ಅರೆಕ್ಷಣ ಅನುಮಾನಿಸಿ ಏಳುತ್ತಿತ್ತು. ಬಾನಿ ಬದಲಾಗಿದೆಯೇ ಎಂದು ಯಂಕವ್ವ ನೋಡಿದಳು, ಅದೇ ಬಾನಿ. ಗುತ್ತೆಪ್ಪನಿಗೆ ಆಗಲೇ ಕೆಮ್ಮು ಹತ್ತಿತ್ತು. ಇಬ್ಬನಿಯ ಕೆಮ್ಮು, ಹೋಗುತ್ತದೆ ಎನ್ನುತ್ತಿದ್ದ. ಮುಖ ಹಾಗೇ ಇತ್ತು, ರೊಟ್ಟಿಯನ್ನೂ ತಿನ್ನುತ್ತಿದ್ದ. ಕಣ್ಣಿಗೆ ಕಾಣದ್ದು ಅವಳ ಕೈಗೆ ಗೊತ್ತಾಯಿತು. ಅವಳು ಹೇಳಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಅಂಜಿಕೆ.

ಹೇಳುವ ಬದಲು ಅವಳು ಒಂದು ಉಪಾಯ ಮಾಡಿದಳು. ಬಾನಿ ನೀರಿನಿಂದ ಏಳುವಾಗ ಗಳವನ್ನು ಸ್ವಲ್ಪ ತಿರುಚಿ, ಕಾಲುಭಾಗ ನೀರನ್ನು ಬಾವಿಗೇ ಚೆಲ್ಲಿ, ಹಗುರ ಮಾಡಿ ಮೇಲೆ ಬಿಡುವಳು. ಯುಗಾದಿಯ ಹೊತ್ತಿಗೆ ಕಾಲುಭಾಗ ಅರ್ಧಭಾಗವಾಗಿತ್ತು. ಇಬ್ಬರೂ ಮೊದಲಿನಷ್ಟೇ ಹೊತ್ತು ದುಡಿಯುತ್ತಿದ್ದರು. ಅರ್ಧ ನೀರು ಹೊರಬರುತ್ತಿತ್ತು.

ತೋಟದ ಕೊನೆಯ ಸಾಲುಗಳಲ್ಲಿ ಎಲೆ ಹಳದಿಗೆ ತಿರುಗಿತು. ಹಸನಸಾಬರು ಬಳ್ಳಿಯ ಬುಡ ಕೆದರಿ ನೋಡಿ ಬಾವಿಯ ಹತ್ತಿರ ಬಂದರು.

"ಗುತ್ತೆಪ್ಪಾ, ಕೊನಿ ಮಡಿಗೆ ನೀರ ಮುಟ್ಟವಲ್ದು. ಏನ ಆಗೇತಿ?"

ಗುತ್ತೆಪ್ಪ ಮರದ ಮೇಲಿಂದಲೇ ಹೇಳಿದ: "ನಾಳಿಂದ ಮುಟ್ಟತೈತ್ರಿ."

ಸಾಹುಕಾರರು ಹೋದ ಮೇಲೆ ಅವನು ಕೆಳಗಿಳಿದು ಹೆಂಡತಿಯ ಎದುರು ನಿಂತ. "ಎಷ್ಟ ದಿನದಿಂದ ಚೆಲ್ಲಾಕತ್ತಿ?"

ಯಂಕವ್ವ ತಲೆ ತಗ್ಗಿಸಿದಳು. "ಸಂಕ್ರಾಂತಿಯಿಂದ."

ಅವನು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು ಎಂದು ಅವಳಿಗೆ ಅನ್ನಿಸಿತು. ಮಾರನೆಯ ದಿನ ದವಾಖಾನೆಗೆ ಹೋದರು. ಅಲ್ಲಿ ಗುತ್ತೆಪ್ಪನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಅವನ ಜೀವಮಾನದಲ್ಲೇ ಅದು ಮೊದಲ ಸಲ. ನಲವತ್ತೊಂಬತ್ತು ಎಂದರು. ಮೊದಲು ಎಷ್ಟಿತ್ತು ಎಂದು ಡಾಕ್ಟರು ಕೇಳಿದಾಗ ಗುತ್ತೆಪ್ಪ ಹೆಂಡತಿಯ ಮುಖ ನೋಡಿದ. ಅವಳಿಗೆ ಗೊತ್ತಿತ್ತು; ಅಂಕಿಯಲ್ಲಿ ಹೇಳಲು ಬರುತ್ತಿರಲಿಲ್ಲ. "ಭಾಳ ಇತ್ರಿ" ಎಂದಳು.

ಟೀಬಿ ಎಂದು ಹೇಳಿ, ಒಂದೂವರೆ ವರ್ಷ ಗುಳಿಗೆ ತಪ್ಪಿಸಬಾರದು, ಭಾರದ ಕೆಲಸ ಮಾಡಬಾರದು ಎಂದು ಡಾಕ್ಟರು ಎರಡೆರಡು ಸಲ ತಿಳಿಸಿದರು. ಗುತ್ತೆಪ್ಪ ಎರಡು ತಿಂಗಳು ಗುಳಿಗೆ ನುಂಗಿದ. ಕೆಮ್ಮು ಕಡಿಮೆಯಾಯಿತು, ನುಂಗುವುದನ್ನು ಬಿಟ್ಟ. ಕೆಲಸ ಮಾತ್ರ ಒಂದು ದಿನವೂ ಬಿಡಲಿಲ್ಲ. ನೀರು ಮುಟ್ಟಿಸುತ್ತೇನೆಂದು ಮಾತು ಕೊಟ್ಟಿದ್ದನಲ್ಲ, ಅದಕ್ಕೆ ಅವನೂ ಒಂದು ಉಪಾಯ ಕಂಡುಕೊಂಡಿದ್ದ. ಗೋಣಿಪಟ್ಟಿಯಲ್ಲಿ ಕಲ್ಲು ಸುತ್ತಿ, ಹಗ್ಗದಿಂದ ನಡುವಿಗೆ ಕಟ್ಟಿಕೊಂಡು, ಮೇಲೆ ಕಂಬಳಿ ಹೊದ್ದು ಮರ ಹತ್ತುತ್ತಿದ್ದ.

ಮೊದಲ ದಿನ ಗಳ ಚಿಮ್ಮಿದಾಗ ಯಂಕವ್ವನ ಎದೆ ಹಿಗ್ಗಿತು. ಒಂದು ಗಳಿಗೆ ಅಷ್ಟೇ. ಕಂಬಳಿಯೊಳಗಿನಿಂದ ಕಲ್ಲಿಗೆ ಕಲ್ಲು ತಾಗಿದ ಸದ್ದು ಕೇಳಿಸಿತು.

"ಬ್ಯಾಡ್ರಿ. ನಡಾ ಮುರಿತೈತಿ."

"ಸುಮ್ನಿರು. ಬಾನಿ ತುಂಬ ಮೊಗಿ."

ನೀರು ಕೊನೆಯ ಮಡಿಗೆ ಮುಟ್ಟಿತು. ಎಲೆ ಮತ್ತೆ ಹಸಿರಾಯಿತು. ದಿನದ ಕೆಲಸ ಮುಗಿದ ಮೇಲೆ ಯಂಕವ್ವ ಅವನ ನಡುವಿನ ಗಾಯಕ್ಕೆ ಎಣ್ಣೆ ಅರಿಸಿನ ಹಚ್ಚುವಳು. ಹಗ್ಗ ಕೂತ ಜಾಗದಲ್ಲಿ ತೊಗಲು ಸುಲಿದು ಪಟ್ಟಿ ಎದ್ದಿತ್ತು. ಮೈ ಕರಗಿದಂತೆ ವಾರಕ್ಕೊಂದು ಕಲ್ಲು ಹೆಚ್ಚಾಗುತ್ತಿತ್ತು. ಅವನು ಹೊತ್ತು ನಡೆಯಲಾರದಷ್ಟಾದಾಗ ಏನು ಮಾಡುವುದೆಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ರಮಜಾನಿನ ಉಪವಾಸದ ದಿನಗಳು, ಮಳೆ ನಿಂತು ಬಿಸಿಲು ಬಿದ್ದಿತ್ತು. ಹಸನಸಾಬರು ಬಿಸಿಲಿಗೆ ಬಸವಳಿದು ಬಾವಿಯ ಪಕ್ಕದ ನುಗ್ಗೆಯ ನೆರಳಿನಲ್ಲಿ ಕೂತಿದ್ದರು. ತುಂಬಿದ ಬಾನಿ ದಂಡೆಯ ಮಟ್ಟಕ್ಕೆ ಬಂದಿತ್ತು, ಗುತ್ತೆಪ್ಪ ಬಾಲದ ತುದಿಯಲ್ಲಿದ್ದ. ಅಷ್ಟರಲ್ಲಿ ಹಗ್ಗ ಹರಿಯಿತು. ಕಲ್ಲುಗಳೆಲ್ಲ ದಡದಡನೆ ನೆಲಕ್ಕೆ ಬಿದ್ದವು. ಭಾರ ಕಳೆದುಕೊಂಡ ಬಾಲ ಮೇಲೇಳತೊಡಗಿತು. ಇತ್ತ ಬಾನಿ ಬಾವಿಗೆ ಇಳಿಯತೊಡಗಿತು. ಗುತ್ತೆಪ್ಪ ಮರವನ್ನು ಅವುಚಿಕೊಂಡು ಬೋರಲಾದ. ಯಂಕವ್ವನ ಕೈಯಲ್ಲಿ ಗಳ ಜಾರುತ್ತಿತ್ತು, ಅಂಗೈ ಸೀಳಿತು, ಆದರೂ ಬಿಡಲಿಲ್ಲ. ಬಿಟ್ಟರೆ ಗಂಡ ಹಾರಿ ಗೋಡೆಯಾಚೆ ಬೀಳುತ್ತಾನೆಂದು ಅವಳಿಗೆ ತಿಳಿದಿತ್ತು. ಒಂದು ಕಾಲನ್ನು ದಂಡೆಯ ಕಲ್ಲಿಗೆ ಒತ್ತಿ, ಇನ್ನೊಂದು ಕಾಲಿನಿಂದ ಬಾನಿಯ ಅಂಚನ್ನು ಒದ್ದಳು. ಬಾನಿ ವಾಲಿ ನೀರೆಲ್ಲ ಬಾವಿಗೆ ಸುರಿಯಿತು. ಬರಿದಾದ ಬಾನಿ ಹಗುರವಾಗಿ ಏರಿತು, ಬಾಲ ಮೆಲ್ಲಗೆ ಇಳಿದು ನೆಲ ಮುಟ್ಟಿತು.

ಹಸನಸಾಬರು ಓಡಿ ಬಂದು ಗುತ್ತೆಪ್ಪನನ್ನು ಇಳಿಸಿದರು. ಕಂಬಳಿ ಜಾರಿತ್ತು. ನಡುವಿನ ಗಾಯ, ಎಲುಬಿನ ಗೂಡು, ಎಲ್ಲ ಕಂಡಿತು. "ಯಾ ಅಲ್ಲಾ" ಎಂದು ಕೆಳಗೆ ಕೂತುಬಿಟ್ಟರು. ಆಮೇಲೆ ಬಹಳ ಹೊತ್ತು ಚದುರಿ ಬಿದ್ದ ಕಲ್ಲುಗಳನ್ನೇ ನೋಡುತ್ತಿದ್ದರು. ಒಂದನ್ನು ಎತ್ತಿ ಕೈಯಲ್ಲಿ ತೂಗಿ, ಇಟ್ಟರು. ಇನ್ನೊಂದನ್ನು ಎತ್ತಿದರು.

ಅವರು ಕೆಟ್ಟವರಾಗಿರಲಿಲ್ಲ. ಮೂರು ದಿನ ಇಬ್ಬರಿಗೂ ರಜೆ ಕೊಟ್ಟರು. ತಾಯಿ ಮರಿಯಮಬಿಯ ಕೈಯಿಂದ ಹಾಲು, ಗಂಜಿ ಕಳಿಸಿದರು. ನಾಲ್ಕನೆಯ ದಿನ ಯಂಕವ್ವ ಬಾವಿಗೆ ಬಂದಾಗ ಏತದ ಬಾಲಕ್ಕೆ ಒಂದು ದೊಡ್ಡ ಕಲ್ಲನ್ನು ಸರಪಳಿಯಿಂದ ಬಿಗಿದಿದ್ದರು.

ಹಸನಸಾಬರು ಹೇಳಿದರು: "ಗುತ್ತೆಪ್ಪಾ, ಇನ್ನ ನೀ ಮರ ಹತ್ತಬ್ಯಾಡ. ನೆಳ್ಳಾಗ ಕುಂದರು. ಯಂಕವ್ವ ಒಬ್ಬಾಕಿನ ಜಗ್ಗಲಿ. ಬಾನಿ ಇಳಿಸಿದ್ರ ಸಾಕು, ಏರಸೂದು ಕಲ್ಲ ನೋಡಕೋತೈತಿ. ಕಲ್ಲ ಹೊತಗೊಂಡು ನೀ ಸಾಯೂದ್ಯಾಕ? ಬರೇ ಕಲ್ಲ ಸಾಕಲ್ಲ."

ಗುತ್ತೆಪ್ಪ ಕೈ ಮುಗಿದ. ಅಂದಿನಿಂದ ಒಬ್ಬರ ಕೂಲಿ. ಅದರ ಬಗ್ಗೆ ಯಾರೂ ತಕರಾರು ಮಾಡುವಂತಿರಲಿಲ್ಲ, ಏಕೆಂದರೆ ಕೆಲಸ ಮಾಡುವವಳು ಒಬ್ಬಳೇ.

ಯಂಕವ್ವ ಗಳ ಹಿಡಿದಳು. ಇಷ್ಟು ವರ್ಷ ಬಾನಿಯನ್ನು ಕೆಳಗಿಳಿಸಲು ಅವಳು ಬಲ ಹಾಕಿರಲಿಲ್ಲ. ಗಂಡ ಮುಂದೆ ನಡೆದರೆ ತಾನೇ ಇಳಿಯುತ್ತಿತ್ತು. ಈಗ ಕಲ್ಲನ್ನು ಎತ್ತುವಷ್ಟು ಜಗ್ಗಿದರೆ ಮಾತ್ರ ಬಾನಿ ನೀರು ಮುಟ್ಟುವುದು. ಕೈಯ ಮೇಲೆ ಕೈ ಹಾಕಿ, ಮೈಯೆಲ್ಲ ಜೋತುಬಿಟ್ಟು ಇಳಿಸಿದಳು. ತುಂಬಿ ಬಿಟ್ಟಾಗ ಗಳ ಅಂಗೈಯಲ್ಲಿ ಚಿಮ್ಮಿತು. ಅವಳು ಹಾಗೇ ನಿಂತುಬಿಟ್ಟಳು. ಹಸನಸಾಬರು ಕಣ್ಣಂದಾಜಿನಲ್ಲಿ ಆರಿಸಿದ ಕಲ್ಲು ಗುತ್ತೆಪ್ಪನ ಮೊದಲಿನ ತೂಕದ್ದೇ ಆಗಿತ್ತು. ಹುಲಗೂರಿನಿಂದ ಬಂದ ಹೊಸದರಲ್ಲಿ ಅವನು ಹಿಂದಕ್ಕೆ ನಡೆದಾಗ ಗಳ ಹೀಗೇ ಏಳುತ್ತಿತ್ತು. ನೆರಳಿನಲ್ಲಿ ಕೂತು ಕೆಮ್ಮುತ್ತಿದ್ದವನ ಕಡೆ ಅವಳು ತಿರುಗಿ ನೋಡಲಿಲ್ಲ.

ಹೊತ್ತು ಇಳಿಯುವವರೆಗೆ ಬಸ್ಸಿನ ಸುದ್ದಿ ಬರಲಿಲ್ಲ. ಗುತ್ತೆಪ್ಪ ಕೂತಲ್ಲಿಂದ ರಸ್ತೆ ಕಾಣುತ್ತಿರಲಿಲ್ಲ.

ಎಂಟು ದಿನ ನೋಡಿದ. ಒಂಬತ್ತನೆಯ ದಿನ ಎದ್ದು ಬಂದು, ಬೇಡವೆಂದರೂ ಕೇಳದೆ ಮರ ಹತ್ತಿದ. ಈ ಸಲ ಬಾಲದ ಕಡೆಯಲ್ಲ, ಬಾವಿಯ ಕಡೆ. ಮರದ ಮೇಲೆ ಕುದುರೆ ಹತ್ತಿದವನಂತೆ ಕೂತು, ಉಳಿದ ಮೈಯ ಭಾರವನ್ನು ಅವಳ ಪಾಲಿಗೆ ಹಾಕಿದ. ಅವನ ಭಾರ, ಅವಳ ಜಗ್ಗಾಟ, ಎರಡೂ ಸೇರಿ ಕಲ್ಲನ್ನು ಎತ್ತಿದವು. ಬಾನಿ ತುಂಬಿದಾಗ ಅವನು ಕುಂಡೆಯ ಮೇಲೆ ತೆವಳಿಕೊಂಡು ಕಂಬದ ಹತ್ತಿರ ಸರಿಯುವನು. ಕಲ್ಲು ಬಾನಿಯನ್ನು ಏರಿಸುವುದು.

"ಹಗುರ ಆತೇನ?" ಎಂದು ಕೇಳಿದ.

"ಆತ್ರಿ" ಎಂದಳು. ಆಗಿದ್ದು ನಿಜವೇ. ಸ್ವಲ್ಪ.

ಹೀಗೆ ಹತ್ತು ತಿಂಗಳು. ಅವನಿಗೆ ಕೂಲಿ ಇರಲಿಲ್ಲ. ಹಸನಸಾಬರು ಕಂಡೂ ಕಾಣದವರಂತೆ ತೋಟ ಸುತ್ತಿ ಹೋಗುತ್ತಿದ್ದರು. ಆ ಹತ್ತು ತಿಂಗಳು ಬಸ್ಸಿನ ಸುದ್ದಿ ಮತ್ತೆ ಬಂತು, ತುಂಡು ತುಂಡಾಗಿ, ನಡುವೆ ಕೆಮ್ಮು. ಅವನ ಭಾರ ದಿನದಿನಕ್ಕೆ ಕಡಿಮೆಯಾಗುತ್ತ ಹೋದಂತೆ ಅವಳ ಜಗ್ಗಾಟ ಅಷ್ಟಷ್ಟೇ ಹೆಚ್ಚಾಯಿತು. ಅವನು ಕೇಳಿದಾಗಲೆಲ್ಲ ಹಗುರಾಯಿತು ಎಂದೇ ಹೇಳುತ್ತಿದ್ದಳು. ಕೊನೆಕೊನೆಗೆ ಅವನು ಮೇಲಿರುವುದೂ ಇಲ್ಲದಿರುವುದೂ ಗಳಕ್ಕೆ ಗೊತ್ತಾಗುತ್ತಿರಲಿಲ್ಲ. ಎಂಬತ್ತರ ಮಳೆಗಾಲದಲ್ಲಿ, ತೋಟಕ್ಕೆ ನೀರೇ ಬೇಡವಾಗಿದ್ದ ಒಂದು ವಾರದಲ್ಲಿ, ಅವನು ಗುಡಿಸಲಿನಲ್ಲಿ ರಕ್ತ ಕಾರಿ ಸತ್ತ. ಹೊರಲು ನಾಲ್ಕು ಜನ ಬಂದಿದ್ದರು. ಇಬ್ಬರೇ ಸಾಕಾಯಿತು.

ಆಮೇಲೆ ಆರು ವರ್ಷ ಯಂಕವ್ವ ಒಬ್ಬಳೇ ಆ ಕಲ್ಲಿನ ಎದುರು ಜಗ್ಗಿದಳು. ಮೂರನೆಯ ವರ್ಷ ಅವಳ ಗರ್ಭ ಕೆಳಗೆ ಜಾರಿತು. ಒಂದು ವರ್ಷ ಯಾರಿಗೂ ಹೇಳದೆ ಬಟ್ಟೆ ಕಟ್ಟಿಕೊಂಡೇ ದುಡಿದಳು. ಅವಳು ನಡೆಯುವ ರೀತಿ ನೋಡಿ ಮರಿಯಮಬಿ ಒಳಗೆ ಕರೆದು ಕೇಳಿದರು.

"ಖರೆ ಹೇಳು, ಯಂಕವ್ವಾ. ಏನ ಮುಚ್ಚಾಕತ್ತಿ?"

"ಮೈ ಇಳದೈತ್ರಿ, ಅಮ್ಮಾರ."

ಮರಿಯಮಬಿಯ ತವರು ಹಾನಗಲ್ಲು. ಅಲ್ಲಿಗೆ ಹೋಗುವಾಗ ಅವಳನ್ನೂ ಕರೆದೊಯ್ದು ಹೆಣ್ಣು ಡಾಕ್ಟರಿಗೆ ತೋರಿಸಿದರು. ಆಪರೇಶನ್ ಆಗಬೇಕು, ಆದ ಮೇಲೆ ಭಾರ ಜಗ್ಗಬಾರದು ಎಂದರು ಡಾಕ್ಟರು. "ಜಗ್ಗಲಾರದ ಏನ ತಿನ್ಲ್ರಿ?" ಎಂದು ಯಂಕವ್ವ ಕೇಳಿದಳು. ಸಿಟ್ಟಿನಿಂದ ಕೇಳಿದ್ದಲ್ಲ, ತಿಳಿಯದೆ ಕೇಳಿದ್ದು. ಡಾಕ್ಟರು ಕೈ ತೊಳೆಯಲು ಎದ್ದು ಹೋದರು. ಬಸ್ಸಿನಲ್ಲಿ ಮರಿಯಮಬಿ ಅವಳ ಕೈ ಹಿಡಿದುಕೊಂಡೇ ಕೂತಿದ್ದರು. ಸವಣೂರಿಗೆ ಬಂದ ಮರುದಿನ ಅವಳು ಏತಕ್ಕೆ ನಿಂತಳು.

ಎಂಬತ್ತಾರರಲ್ಲಿ ತೋಟಕ್ಕೆ ಕರೆಂಟು ಬಂತು. ಮೋಟಾರು ಒಂದು ತಾಸಿನಲ್ಲಿ ಕೊನೆಯ ಮಡಿಗೂ ನೀರು ತುಂಬಿತು. ಏತದ ಮರ ಬಿಚ್ಚಿ ಒಲೆಗೆ ಸೀಳಿದರು. ಹಸನಸಾಬರು ಯಂಕವ್ವನನ್ನು ಎಲೆ ಕೀಳಲು ಇಟ್ಟುಕೊಂಡರು. ಅದು ಹಗುರದ ಕೆಲಸ. ಹೆಬ್ಬೆರಳ ಉಗುರಿನಿಂದ ತೊಟ್ಟು ಚಿವುಟಿ, ಎಲೆ ಹರಿಯದಂತೆ ಅಂಗೈಯಲ್ಲಿ ಜೋಡಿಸಬೇಕು. ಯಂಕವ್ವನ ಬೆರಳುಗಳು ಗಳ ಹಿಡಿದ ಹಾಗೆಯೇ ಮಡಚಿ ನಿಂತಿದ್ದವು, ಬಿಡಿಸಿದರೂ ಬಿಚ್ಚುತ್ತಿರಲಿಲ್ಲ. ದಿನಕ್ಕೆ ನೂರಾರು ಎಲೆ ಹರಿದವು. ಒಂದು ತಿಂಗಳು ಯಾರೂ ಏನೂ ಅನ್ನಲಿಲ್ಲ. ಆಮೇಲೆ ಹಸನಸಾಬರು ನೆಲ ನೋಡುತ್ತ, "ನಿಮ್ಮ ಕಡ್ಯಾವ್ರು ಯಾರರ ಅದಾರೇನ, ಯಂಕವ್ವಾ?" ಎಂದು ಕೇಳಿದರು.

ಇದ್ದರು. ಚಿಕ್ಕೇರೂರಿನಲ್ಲಿ ತಮ್ಮ ಮೈಲಾರಪ್ಪ, ಅವನ ಹೆಂಡತಿ ಸರೋಜವ್ವ. ಹೊರಡುವ ದಿನ ಮರಿಯಮಬಿ ಒಂದು ಹಳೆಯ ಸೀರೆ, ಐದು ಸೇರು ಜೋಳ ಕೊಟ್ಟು ಅತ್ತರು. ಯಂಕವ್ವ ಅವರ ಕಾಲು ಮುಟ್ಟಿ ಬಂದಳು. ಬಾವಿಯ ಕಡೆ ಹೋಗಲಿಲ್ಲ.

ತಮ್ಮನ ಮನೆಯಲ್ಲಿ ಯಾರೂ ಅವಳನ್ನು ಬೈಯಲಿಲ್ಲ. ಊಟಕ್ಕೆ ಕರೆಯುತ್ತಿದ್ದರು, ಒಮ್ಮೊಮ್ಮೆ ಮರೆಯುತ್ತಿದ್ದರು. ವಿಧವೆಯರಿಗೆ ಸರಕಾರ ತಿಂಗಳಿಗಿಷ್ಟು ಕೊಡುತ್ತದೆಂದು ಯಾರೋ ಹೇಳಿದಾಗ ಮೈಲಾರಪ್ಪ ಅವಳನ್ನು ಹಿರೇಕೆರೂರಿಗೆ ಕರೆದುಕೊಂಡು ಹೋದ. ಅರ್ಜಿ ತುಂಬುವವನು ಕೇಳಿದ:

"ಏನ ಕೆಲಸ ಮಾಡತಿದ್ದಿ, ಅವ್ವಾ?"

"ಯಾತದಾಗ ನೀರ ಎತ್ತತಿದ್ನಿ."

ಅವನು ಬರೆಯುವುದನ್ನು ನಿಲ್ಲಿಸಿ ಯೋಚಿಸಿ, ಕೂಲಿ ಎಂದು ಬರೆದ. ಗಂಡ ಸತ್ತದ್ದಕ್ಕೆ ದಾಖಲೆ ಬೇಕೆಂದ. ಎಲ್ಲಿ ಸತ್ತನೋ ಅಲ್ಲಿಂದಲೇ ತರಬೇಕು.

ಯಂಕವ್ವ ಒಬ್ಬಳೇ ಸವಣೂರಿಗೆ ಹೋದಳು. ಕಚೇರಿಯಲ್ಲಿ ಎಂಬತ್ತರ ಪುಸ್ತಕ ತೆಗೆದು ಹಾಳೆ ಹಾಳೆ ತಿರುವಿದರು. ಗುಮಾಸ್ತ ಒಳ್ಳೆಯವನಾಗಿದ್ದ, ಎಂಬತ್ತೊಂದನ್ನೂ ನೋಡಿದ. ಗುತ್ತೆಪ್ಪ ಎಂಬ ಹೆಸರು ಎಲ್ಲೂ ಇರಲಿಲ್ಲ. ಸತ್ತದ್ದನ್ನು ಯಾರೂ ಬರೆಸಿರಲಿಲ್ಲ; ಬರೆಸಬೇಕೆಂದು ಅವಳಿಗೂ ಗೊತ್ತಿರಲಿಲ್ಲ.

"ಕಂಡಾವ್ರು ಇಬ್ಬರನ್ನ ಕರಕೊಂಡ ಬಾ, ಅವ್ವಾ. ಸಾಕ್ಷಿ ಹೇಳಬೇಕು."

ಅವಳು ಮೆಟ್ಟಿಲ ಮೇಲೆ ಕೂತು ನೆನಪು ಮಾಡಿಕೊಂಡಳು. ಮರಿಯಮಬಿ ಹಿಂದಿನ ವರ್ಷ ತೀರಿಕೊಂಡಿದ್ದರು. ಹೆಣ ಹೊತ್ತ ಇಬ್ಬರ ಹೆಸರೂ ಅವಳಿಗೆ ಗೊತ್ತಿರಲಿಲ್ಲ. ಹಸನಸಾಬರಿಗೆ ಲಕ್ವಾ ಹೊಡೆದು ಬಾಯಿ ಬಿದ್ದುಹೋಗಿದೆ ಎಂದು ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ್ದಳು. ಬಿಸಿಲು ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಯುವವರೆಗೆ ಕೂತಿದ್ದು, ಕೊನೆಯ ಬಸ್ಸು ತಪ್ಪಬಾರದೆಂದು ಎದ್ದಳು.

"ಆತೇನಕ್ಕಾ?" ಎಂದು ಸರೋಜವ್ವ ಬಾಗಿಲಲ್ಲಿ ಕೇಳಿದಳು.

"ಇಲ್ಲ."

ಸರೋಜವ್ವ ಒಳಗೆ ಹೋದಳು. ಅಂಗಳದಲ್ಲಿ ಮೆಣಸಿನಕಾಯಿ ಹರವಿತ್ತು, ಸಂತೆಗೆ ಒಯ್ಯುವ ಮುಂಚೆ ತೊಟ್ಟು ಮುರಿಯಬೇಕಾಗಿತ್ತು. ಯಂಕವ್ವ ಕಾಲು ತೊಳೆದು ಬಂದು ಕೂತಳು. ಮಡಚಿದ ಬೆರಳಿನಿಂದ ಆಗದಿದ್ದಾಗ ತೊಟ್ಟನ್ನು ಹಲ್ಲಿನಲ್ಲಿ ಕಚ್ಚಿ ಮುರಿದಳು. ಖಾರಕ್ಕೆ ತುಟಿ ಉರಿಯಿತು. ಒರೆಸಿಕೊಳ್ಳದೆ ಇನ್ನೊಂದನ್ನು ಎತ್ತಿಕೊಂಡಳು.